ಕೆಂಪೋ ಕಪ್ಪೋ

"ಎರಡು ತರೋಕಾಗಲ್ಲ. ಇಬ್ಬರಿಗೂ ಸೇರಿ ಒಂದೇ," ಎಂದು ಲಿಫ್ಟ್ ರಿಪೇರಿಯವನು ಊಟಕ್ಕೆ ಕೂತಾಗ ಹೇಳಿದ. ಒಳ್ಳೆಯ ಸುದ್ದಿ ಹೇಳುತ್ತಿದ್ದೇನೆಂಬ ಖುಷಿಯಲ್ಲಿ ಅವನು ಇನ್ನೂ ತಟ್ಟೆಗೆ ಕೈ ಹಾಕಿರಲಿಲ್ಲ. "ಕೈಯಲ್ಲಿ ಹಿಡ್ಕೊಂಡು ಆಡೋ ಗೇಮ್ ಮಷೀನು. ಯಾವುದು ಬೇಕು ಅಂತ ನೀವಿಬ್ರೇ ಮಾತಾಡ್ಕೊಂಡು ಹೇಳಿ."

"ಕೆಂಪು," ಎಂದ ಅವನ ಮಗ ಮೊಂಡ.

"ಕಪ್ಪು," ಎಂದಳು ಅವನ ಹೆಂಡತಿಯ ಮಗಳು ಗುಬ್ಬಿ.

ಇಬ್ಬರ ಬಾಯಿಂದಲೂ ಮಾತು ಒಟ್ಟಿಗೇ ಬಂದಿತ್ತು. ಆದರೆ ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ತಟ್ಟೆಗೆ ಹೇಳಿದ್ದರು.

"ಅಂಗಡಿಯಲ್ಲಿ ಬಣ್ಣ ಆರಿಸ್ಕೋಬಹುದೇನೋ," ಎಂದಳು ಗುಬ್ಬಿಯ ತಾಯಿ.

"ಬಣ್ಣ ಅಲ್ಲಮ್ಮ! ಕೆಂಪು ಒಂದು ಕಂಪನಿದು, ಕಪ್ಪು ಇನ್ನೊಂದು ಕಂಪನಿದು. ಅದರ ಆಟ ಇದರಲ್ಲಿ ಆಡೋಕಾಗಲ್ಲ, ಇದರ ಆಟ ಅದರಲ್ಲಿ ಆಡೋಕಾಗಲ್ಲ," ಎಂದಳು ಗುಬ್ಬಿ.

"ಹಾಗೆ ಯಾಕೆ ಮಾಡಿಟ್ಟಿದ್ದಾರೆ?" ಎಂದು ಲಿಫ್ಟ್ ರಿಪೇರಿಯವನ ತಾಯಿ, ಮಕ್ಕಳ ಅಜ್ಜಿ, ಕೇಳಿದಳು.



ಲಿಫ್ಟ್ ರಿಪೇರಿಯವನ ಮೊದಲ ಹೆಂಡತಿ ಕಾಯಿಲೆ ಬಿದ್ದು ತೀರಿಕೊಂಡಿದ್ದಳು. ಈಗಿನವಳು ಗಂಡನನ್ನು ಬಿಟ್ಟು ಮಗಳೊಡನೆ ಬೇರೆಯಾಗಿ ಲಾಂಡ್ರಿ ಅಂಗಡಿ ಇಟ್ಟುಕೊಂಡಿದ್ದವಳು. ಅವಳ ಅಂಗಡಿಯಿದ್ದ ಕಟ್ಟಡದ ಲಿಫ್ಟು ಪದೇ ಪದೇ ಕೆಡುತ್ತಿತ್ತು. ಅಷ್ಟೊಂದು ಸಲ ಕೆಡುವ ಅಗತ್ಯ ಆ ಲಿಫ್ಟಿಗೆ ನಿಜಕ್ಕೂ ಇತ್ತೇ ಎಂದು ಅವನ ತಾಯಿ ಈಗಲೂ ಕೇಳುವುದುಂಟು. ಹೇಗೋ ಮದುವೆಯಾಯಿತು, ಎರಡು ಮನೆಯ ಪಾತ್ರೆ ಒಂದೇ ಅಡುಗೆಮನೆಗೆ ಬಂತು. ಮಕ್ಕಳಿಬ್ಬರೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ಗುಬ್ಬಿ ಹೆಸರಿಗಷ್ಟೇ ಗುಬ್ಬಿ, ಮೊಂಡನಿಗಿಂತ ಒಂದು ತಲೆ ಎತ್ತರ. ಮೊಂಡ ಮಾತ್ರ ಅಜ್ಜಿ ಇಟ್ಟ ಹೆಸರಿಗೆ ತಕ್ಕಂತೆಯೇ ಇದ್ದ. ಅವರಿಬ್ಬರ ನಡುವೆ ಮಾತೇ ಇರಲಿಲ್ಲ. ಉಪ್ಪು ಬೇಕಾದರೂ, "ಅಜ್ಜಿ, ಉಪ್ಪು ಈ ಕಡೆ ಕೊಡೋಕೆ ಹೇಳು" ಎನ್ನಬೇಕು. ಅಜ್ಜಿ ಒಂದು ಕಾಲದಲ್ಲಿ ಆಸ್ಪತ್ರೆಯ ಅಡುಗೆಮನೆ ನೋಡಿಕೊಂಡವಳು. ಇಂಥ ಮುಖಗಳನ್ನು ಬೇಕಾದಷ್ಟು ಕಂಡಿದ್ದಳು. "ನಾನೇನು ಟೆಲಿಫೋನ್ ಆಪೀಸಾ?" ಎಂದು ಗೊಣಗಿ ಉಪ್ಪು ದಾಟಿಸುತ್ತಿದ್ದಳು.

ಒಂದೇ ಆಟದ ಮಷೀನು ತಂದರೆ ಇಬ್ಬರೂ ಅದರ ಮುಂದೆ ಒಟ್ಟಿಗೆ ಕೂತಾರು ಎಂಬುದು ಲಿಫ್ಟ್ ರಿಪೇರಿಯವನ ಲೆಕ್ಕಾಚಾರ. ಅದಕ್ಕೆಂದೇ ಬೋನಸ್ಸು ತೆಗೆದಿಟ್ಟಿದ್ದ.

ಮರುದಿನದಿಂದ ಮನೆಯಲ್ಲಿ ಅರ್ಥವಾಗದ ಭಾಷೆ ಓಡಾಡತೊಡಗಿತು. ಕೆಂಪಿನ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ, ಕಪ್ಪಿನ ಪರದೆ ದೊಡ್ಡದು. ಕೆಂಪಿನ ಹಿಡಿ ಬಿಚ್ಚಿ ಇಬ್ಬರು ಆಡಬಹುದು, ಕಪ್ಪಿನಲ್ಲಿ ಬೇರೆ ಊರಿನವರ ಜೊತೆ ಆಡಬಹುದು. ಮಕ್ಕಳು ಇದನ್ನೆಲ್ಲ ಅಜ್ಜಿಗೆ ಹೇಳುತ್ತಿದ್ದರು. ಅಂದರೆ, ಅಜ್ಜಿಯ ಮೂಲಕ ಪರಸ್ಪರ ಹೇಳಿಕೊಳ್ಳುತ್ತಿದ್ದರು.

"ಅಜ್ಜಿ, ಕಪ್ಪು ಬಿಸಿಯಾಗುತ್ತಂತೆ, ಹೇಳು."

"ಕೆಂಪಿನಲ್ಲಿ ಚಿಕ್ಕ ಮಕ್ಕಳ ಆಟಾನೇ ಜಾಸ್ತಿ ಅಂತೆ, ಅಜ್ಜಿ."

"ನನ್ನ ಇಸ್ತ್ರಿಪೆಟ್ಟಿಗೇನೂ ಬಿಸಿಯಾಗುತ್ತೆ, ಅದಕ್ಕೇನೀಗ?" ಎಂದಳು ಲಾಂಡ್ರಿಯವಳು.

ಮನೆಯಲ್ಲಿ ಯಾರ ಪಕ್ಷಕ್ಕೂ ಸೇರದವಳು ಅಜ್ಜಿ ಒಬ್ಬಳೇ. ಆದ್ದರಿಂದ ಕೊನೆಯ ಮಾತು ಅವಳದೇ ಎಂದು ತಾನಾಗಿಯೇ ಗೊತ್ತಾಯಿತು. ಮೊಂಡ ಹೇಳಿಸಿಕೊಳ್ಳದೆ ಪಾತ್ರೆ ತೊಳೆಯತೊಡಗಿದ. ಗುಬ್ಬಿ ಅಜ್ಜಿಯ ಮೊಣಕಾಲಿಗೆ ಎಣ್ಣೆ ತಿಕ್ಕತೊಡಗಿದಳು. ಅಜ್ಜಿಗೆ ತೀರ್ಮಾನ ಹೇಳುವ ಆತುರವೇ ಇರಲಿಲ್ಲ. "ಯೋಚನೆ ಮಾಡ್ತಿದ್ದೀನಿ," ಎನ್ನುತ್ತ ಇನ್ನೊಂದು ಕಾಲು ಚಾಚುತ್ತಿದ್ದಳು.

ದೊಡ್ಡವರು ಕಂಡಕಂಡವರನ್ನು ಕೇಳಿದರು. ಲಿಫ್ಟ್ ಓಡಾಡುವ ಗುಂಡಿಯೊಳಗೆ ಉಕ್ಕಿನ ಹಗ್ಗಕ್ಕೆ ಗ್ರೀಸು ಬಳಿಯುತ್ತ ಅವನು ಜೊತೆ ಕೆಲಸಗಾರನನ್ನು ಕೇಳಿದ. "ಕಪ್ಪು ತಗೋ, ಕಣ್ಣು ಮುಚ್ಕೊಂಡು ತಗೋ," ಎಂದ ಆತ. ಮೇಲಿನ ಮಹಡಿಯಿಂದ ಇಣುಕಿದ ಕಾವಲುಗಾರ, "ಕಪ್ಪು ತಗೊಂಡು ನಮ್ಮ ಭಾವ ತಲೆ ಚಚ್ಕೊಳ್ತಿದ್ದಾನೆ ಸಾರ್," ಎಂದ. ಲಾಂಡ್ರಿಗೆ ಕೋಟು ತಂದ ಮೇಷ್ಟರು ಎರಡೂ ಬೇಡ, ಪುಸ್ತಕ ಕೊಡಿಸಿ ಎಂದರು. ಯೂನಿಫಾರಂ ಒಯ್ಯಲು ಬಂದ ನರ್ಸು ಕೆಂಪನ್ನು ಎಷ್ಟು ಹೊಗಳಿದಳೆಂದರೆ, ವಾಪಸ್ಸು ಕೊಟ್ಟ ಚಿಲ್ಲರೆಯನ್ನೂ ತೆಗೆದುಕೊಳ್ಳದೆ ಹೋದಳು. ಗಂಡ ಹೆಂಡತಿ ಸಂಜೆ ಚಹಾ ಕುಡಿಯುತ್ತ ತಂತಮ್ಮ ಸುದ್ದಿ ಒಪ್ಪಿಸಿಕೊಂಡಾಗ, ಕೇಳುವುದಕ್ಕೆ ಮುಂಚೆ ಇದ್ದಷ್ಟು ತಿಳಿವಳಿಕೆಯೂ ಈಗ ಉಳಿದಿಲ್ಲ ಎನಿಸಿತು.

"ನಾನು ಕಪ್ಪು ಅಂತೀನಿ," ಎಂದ ಅವನು. "ನಿನ್ನ ಮಗಳು ಈ ಮನೆಗೆ ಬಂದಾಗಿಂದ ಬಾಯಿಬಿಟ್ಟು ಕೇಳಿದ್ದು ಅದೊಂದೇ."

"ಬೇಡ ರೀ, ಕೆಂಪೇ ತರೋಣ. ತಾಯಿ ಇಲ್ಲದ ಹುಡುಗ. ಮೊದಲು ತನ್ನ ಮಗಳದ್ದು ನೋಡ್ಕೊಂಡ್ಲು ಅಂತ ನಾಳೆ ನಾಲ್ಕು ಜನ ಅನ್ನೋ ಹಾಗಾಗಬಾರದು."

"ಯಾವ ನಾಲ್ಕು ಜನ? ಇಲ್ಲಿ ನಾವಿರೋದೇ ಐದು."

"ನಿಮ್ಮಮ್ಮ ಇಲ್ವಾ?"

"ನನ್ನನ್ಯಾಕೆ ಎಳೀತೀರಿ?" ಎಂದು ಒಳಗಿನಿಂದ ಕೂಗು ಬಂತು.

ಹೀಗೆ ಅಪ್ಪ ಗುಬ್ಬಿಯ ಪರ, ಅಮ್ಮ ಮೊಂಡನ ಪರ ನಿಂತು ವಾದಕ್ಕಿಳಿದರು. ಅವರ ಪ್ರಕಾರ ಅದು ದೊಡ್ಡತನ. ಗೋಡೆಯಾಚೆ ಕೇಳಿಸಿಕೊಂಡ ಮಕ್ಕಳಿಗೆ ಅದು ಬೇರೆಯೇ ಆಗಿ ಕೇಳಿಸಿತು. ಸ್ವಂತ ಅಪ್ಪನೇ ನನ್ನ ಕಡೆ ಇಲ್ಲ ಎಂದು ಮೊಂಡ ಮುಖ ಊದಿಸಿಕೊಂಡ. ಗುಬ್ಬಿ ಮರುದಿನ ಬೆಳಿಗ್ಗೆ ತಾಯಿ ಕಟ್ಟಿಕೊಟ್ಟ ಬ್ರೆಡ್ಡನ್ನು ಮೇಜಿನ ಮೇಲೆಯೇ ಬಿಟ್ಟು ಶಾಲೆಗೆ ಹೋದಳು.

ಆ ವಾರ ಲಾಂಡ್ರಿಯವಳಿಂದ ಒಂದು ಅನಾಹುತವಾಯಿತು. ಗಿರಾಕಿಗಳ ಬಟ್ಟೆಯಾದರೆ ಅವಳು ಜೇಬು ತಡಕದೆ ನೀರಿಗೆ ಹಾಕುವವಳಲ್ಲ. ಮನೆಯ ಬಟ್ಟೆಗೆ ಆ ಶಿಸ್ತು ಇರಲಿಲ್ಲ. ಮೊಂಡನ ಪ್ಯಾಂಟನ್ನು ಒಗೆದು, ಹಿಂಡಿ, ಒಣಹಾಕಲು ಕೊಡವಿದಾಗ ಜೇಬಿನಿಂದ ಹೆಬ್ಬೆರಳಿನ ಉಗುರಿಗಿಂತ ಕೊಂಚ ದೊಡ್ಡದಾದ ಪ್ಲಾಸ್ಟಿಕ್ ಕಾರ್ಡೊಂದು ನೆಲಕ್ಕೆ ಬಿತ್ತು.

"ಏನೋ ಇದು?"

ಅದನ್ನು ನೋಡಿ ಹುಡುಗನ ಮುಖ ಬಿಳುಚಿಕೊಂಡಿತು. "ನೀರಿಗೆ ಹಾಕಿದ್ರಾ? ಸೋಪು? ಸೋಪೂ ಹಾಕಿದ್ರಾ?" ಎಂದು ಕೇಳುತ್ತ ಕೇಳುತ್ತಲೇ ಅಳತೊಡಗಿದ. ಈ ಹುಡುಗ ಅತ್ತದ್ದನ್ನು ಅವಳು ನೋಡಿದ್ದು ಅದೇ ಮೊದಲು. ಏನು ಮಾಡಬೇಕೆಂದು ತಿಳಿಯದೆ ಒದ್ದೆ ಪ್ಯಾಂಟನ್ನೇ ಹಿಡಿದು ನಿಂತಳು.

"ಹೇಳು ಮರಿ, ಏನಿದೆ ಇದರಲ್ಲಿ?"

"ಅಮ್ಮ ಆಡಿದ್ದು," ಎಂದ. "ಹಳೇ ಕೆಂಪು ಮಷೀನಲ್ಲಿ. ಆಸ್ಪತ್ರೆಗೆ ಹೋದಾಗೆಲ್ಲ ಅಮ್ಮ ಅದನ್ನ ಆಡ್ತಿದ್ಲು. ಮಷೀನು ಕೆಟ್ಟುಹೋಯ್ತು. ಇದರೊಳಗೆ ಅಮ್ಮನ ಹೆಸರು ಉಳಿದಿದೆ. ಹೊಸ ಕೆಂಪಿನಲ್ಲಿ ಹಾಕಿದ್ರೆ ಬರುತ್ತೆ."

"ನಿಮ್ಮಪ್ಪಂಗೆ ಹೇಳಬಾರದಿತ್ತಾ?"

ಮೊಂಡ ತೋಳಿನಿಂದ ಮೂಗು ಒರೆಸಿಕೊಂಡ. ಅಪ್ಪನ ಮುಂದೆ ಅಮ್ಮನ ಮಾತೆತ್ತಿದರೆ ಅಪ್ಪ ಎದ್ದು ಹೊರಗೆ ಹೋಗುತ್ತಾನೆ. ಈ ಆಂಟಿಯ ಮುಂದೆ ಎತ್ತಬಹುದೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ.

ಅವಳು ಕಾರ್ಡನ್ನು ಹತ್ತಿಬಟ್ಟೆಯಲ್ಲಿ ಒತ್ತಿ, ಅಂಗಡಿಯ ಬಟ್ಟೆ ಒಣಗಿಸುವ ಬೆಚ್ಚನೆಯ ಗೂಡಿನಲ್ಲಿ ಬಿಸಿ ನೇರವಾಗಿ ತಾಗದಷ್ಟು ದೂರದಲ್ಲಿಟ್ಟು ಒಣಗಿಸಿದಳು. ಎರಡು ದಿನ ಗೂಡಿನ ಬಳಿಗೆ ಯಾರನ್ನೂ ಬಿಡಲಿಲ್ಲ. ಆಮೇಲೆ ಅಂಗಡಿಗೆ ಬೀಗ ಹಾಕಿ ಮೊಂಡನನ್ನು ಕರೆದುಕೊಂಡು ಗೇಮ್ ಮಷೀನು ಮಾರುವ ಅಂಗಡಿಗೆ ಹೋದಳು.

"ಇದು ನೀರಲ್ಲಿ ಬಿದ್ದಿತ್ತಾ?" ಎಂದು ಮಾರುವವನು ಕಾರ್ಡನ್ನು ಮೂಸಿ ನೋಡಿದ. ಸೋಪಿನ ವಾಸನೆ ಬರುತ್ತಿತ್ತು.

"ಇಲ್ಲಪ್ಪ."

"ಒದ್ದೆ ಇದ್ದರೆ ಮಷೀನು ಹಾಳಾಗುತ್ತೆ ಮೇಡಂ."

"ನಾನು ಲಾಂಡ್ರಿಯವಳು. ಒದ್ದೆ ಯಾವುದು, ಒಣಗಿದ್ದು ಯಾವುದು ನನಗೆ ಗೊತ್ತಾಗಲ್ವಾ? ಹಾಕಪ್ಪ ನೀನು. ಹಾಳಾದರೆ ನಾನೇ ತಗೋತೀನಿ."

ಮೊದಲ ಸಲ ಏನೂ ಬರಲಿಲ್ಲ. ಮೊಂಡ ಗಾಜಿನ ಕಪಾಟಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ. ಮಾರುವವನು ಕಾರ್ಡು ತೆಗೆದು, ಒರೆಸಿ, ಮತ್ತೆ ಹಾಕಿದ. ಪರದೆ ಬೆಳಗಿತು. ಹುಡುಗನೇ ಗುಂಡಿ ಒತ್ತಿ ಒತ್ತಿ ಒಂದು ಪಟ್ಟಿ ತೆರೆದ. ಅತಿ ಹೆಚ್ಚು ಅಂಕ ಪಡೆದವರ ಪಟ್ಟಿ ಅದು. ಐದು ಸಾಲು, ಐದರಲ್ಲೂ ಒಂದೇ ಹೆಸರು: ಮಿಂಚು.

ಗಂಡನ ಬಾಯಲ್ಲಿ ಆ ಹೆಸರನ್ನು ಅವಳು ಒಮ್ಮೆಯೂ ಕೇಳಿರಲಿಲ್ಲ. ಅವನು ಯಾವಾಗಲೂ "ಮೊಂಡನ ಅಮ್ಮ" ಎನ್ನುತ್ತಿದ್ದ. ಖುಷಿಪಡಬೇಕೋ ಬೇಡವೋ ಎಂದು ಅವಳಿಗೆ ತೋಚಲಿಲ್ಲ. "ಚೆನ್ನಾಗಿ ಆಡ್ತಿದ್ರು ಅನ್ನು," ಎಂದಳು. ಬಾಯ್ಲರ್ ರಿಪೇರಿಗೆಂದು ಇಟ್ಟಿದ್ದ ಹಣ ಕೊಟ್ಟು ಆ ಕೆಂಪು ಮಷೀನನ್ನೇ ಕಟ್ಟಿಸಿಕೊಂಡಳು.

ಮನೆಗೆ ಬಂದರೆ, ಮೇಜಿನ ಮೇಲೆ ಸೀಲು ಒಡೆಯದ ಕಪ್ಪು ಮಷೀನಿನ ಪೆಟ್ಟಿಗೆ. ಪಕ್ಕದಲ್ಲಿ ಲಿಫ್ಟ್ ರಿಪೇರಿಯವನು ನಗುತ್ತ ನಿಂತಿದ್ದ.

"ಇನ್ನು ಕೇಳ್ತಾ ಕೂತ್ರೆ ಮುಗಿಯಲ್ಲ ಅಂತ ತಂದೇಬಿಟ್ಟೆ," ಎಂದವನು ಅವಳ ಕೈಚೀಲ ನೋಡಿದ. "ಅದೇನು?"

ಅಜ್ಜಿ ಎರಡು ಪೆಟ್ಟಿಗೆಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದಳು. "ಇಷ್ಟು ದಿನ ನಾನು ಕಾಲಿಗೆ ಎಣ್ಣೆ ತಿಕ್ಕಿಸಿಕೊಂಡಿದ್ದು ಸುಮ್ನೇನಾ?" ಎಂದಳು.

ಎರಡನ್ನೂ ಇಟ್ಟುಕೊಳ್ಳುವಂತಿರಲಿಲ್ಲ. ಬಾಯ್ಲರ್ ಕೆಟ್ಟು ಕೂತರೆ ಅಂಗಡಿಯೇ ಇಲ್ಲ. ಕೆಂಪಿನ ಸೀಲು ಅಂಗಡಿಯಲ್ಲೇ ಒಡೆದಾಗಿತ್ತು, ವಾಪಸ್ಸು ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಹೋಗಬೇಕಾದದ್ದು ಕಪ್ಪು. ಲಾಂಡ್ರಿಯವಳು ಕಾರ್ಡಿನ ಕಥೆಯನ್ನು ಪಿಸುದನಿಯಲ್ಲಿ ಹೇಳಿದಾಗ ಗಂಡ ಎದ್ದು ಹೊರಗೆ ಹೋದ. ಬಾಗಿಲ ಬಳಿ ಚಪ್ಪಲಿ ಹಾಕಿಕೊಂಡವನು ಹೋಗದೆ ಅಲ್ಲೇ ನಿಂತ. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದ.

"ಆಸ್ಪತ್ರೆಯಲ್ಲಿ ಆಡ್ತಿದ್ಲು," ಎಂದ. "ನಾನು ಮಾತಾಡಿಸಿದ್ರೆ, ತಡೀರಿ, ಸಾಯ್ತೀನಿ ಅನ್ನೋಳು. ಆಟದಲ್ಲಿ."

ಗುಬ್ಬಿ ಕಪ್ಪು ಪೆಟ್ಟಿಗೆಯನ್ನು ಒಮ್ಮೆ ಕೈಯಲ್ಲಿ ತಿರುಗಿಸಿ ನೋಡಿ, ಅದನ್ನು ತಾನೇ ಬೀರುವಿನ ಮೇಲಿಟ್ಟಳು. ಅಳಲಿಲ್ಲ, ಕೂಗಾಡಲಿಲ್ಲ. ಎಲ್ಲರ ಜೊತೆ ಊಟಕ್ಕೆ ಬರುವುದನ್ನು ನಿಲ್ಲಿಸಿದಳು, ಅಷ್ಟೇ. ಹಸಿವಿಲ್ಲ, ಓದುವುದಿದೆ, ಹೊಟ್ಟೆನೋವು. ತಾಯಿ ಕರೆದು ಸೋತಳು. ಕೊನೆಗೆ ಅಜ್ಜಿ ಅನ್ನ, ಬೇಯಿಸಿದ ಮೊಟ್ಟೆ ಹಾಕಿದ ತಟ್ಟೆ ಹಿಡಿದು ಕೋಣೆಗೆ ಹೋಗಿ ಮಂಚದ ಮೇಲೆ ಕೂತಳು.

"ನಾನು ಕಾಯಿಲೆಯವರಿಗೇ ಬಡಿಸಿ ಬಡಿಸಿ ಮುದುಕಿಯಾದೋಳು. ಹಸಿದಿರೋ ಮುಖ ಯಾವುದು ಅಂತ ಗೊತ್ತಾಗುತ್ತೆ. ತಿನ್ನು, ಆಮೇಲೆ ಸಿಟ್ಟು ಮಾಡ್ಕೋ."

ಗುಬ್ಬಿ ಅರ್ಧ ಮೊಟ್ಟೆ ತಿಂದಳು. ಆಮೇಲೆ, "ಕಪ್ಪಿನಲ್ಲಿ ನಮ್ಮಪ್ಪ ಬರ್ತಾರೆ," ಎಂದಳು.

"ಎಲ್ಲಿಗೆ ಬರ್ತಾನೆ?"

"ಆಟಕ್ಕೆ. ಅವರ ಹೆಸರು ಕಾಣುತ್ತೆ. ಮುಂಚೆ ಅಪ್ಪನ ಹತ್ರ ಒಂದು, ನನ್ನ ಹತ್ರ ಒಂದು ಇತ್ತು. ಬೇರೆ ಮನೆ ಮಾಡಿದಾಗ ನನ್ನದನ್ನ ಅಮ್ಮ ಮಾರಿದ್ಲು."

ಅಜ್ಜಿಗೆ ಪೂರ್ತಿ ಅರ್ಥವಾಗಲಿಲ್ಲ. ಆದರೆ ಹೇಳಬೇಕಾದವರಿಗೆ ಹೇಳಬೇಕೆಂಬಷ್ಟು ಅರ್ಥವಾಯಿತು. ಅಡುಗೆಮನೆಗೆ ಬಂದು ಸೊಸೆಯ ಕೈಯಿಂದ ಸೌಟು ಕಸಿದುಕೊಂಡು, "ಇದನ್ನ ನಾನು ನೋಡ್ಕೋತೀನಿ. ನೀನು ಹೋಗಿ ಆ ಮಗುವಿನ ಅಪ್ಪಂಗೆ ಫೋನು ಮಾಡು," ಎಂದಳು.

"ಅತ್ತೆ, ಆ ಮನುಷ್ಯನ ಜೊತೆ ನಾನು—"

"ನಿನಗೋಸ್ಕರ ಮಾಡು ಅಂದ್ನಾ?"

ಲಾಂಡ್ರಿಯವಳು ಮೆಟ್ಟಿಲ ಮೇಲೆ ಕೂತು ಫೋನು ಮಾಡಿದಳು. ಬಹಳ ದಿನವಾದ್ದರಿಂದ ಯಾರೆಂದು ಹೇಳಿಕೊಳ್ಳಬೇಕಾಯಿತು. ವಿಷಯ ಕೇಳಿ ಅತ್ತ ಕಡೆಯವನು ನಕ್ಕ. "ಆ ಮಷೀನಾ? ಅದನ್ನ ಯಾವ ಕಾಲದಲ್ಲೋ ಮಾರಿದೆ. ಈಗ ಯಾರು ಆಡ್ತಾರೆ ಅದನ್ನ?"

"ಮಗಳು ಆಡ್ಬೇಕು ಅಂದ್ಕೊಂಡಿದ್ದಾಳೆ. ಅದರಲ್ಲಿ ನೀವು ಬರ್ತೀರ ಅಂತ."

ಅತ್ತ ಕಡೆಯ ನಗು ನಿಂತಿತು. "ಮಾಡ್ತೀನಿ, ಫೋನು ಮಾಡ್ತೀನಿ. ಈ ವಾರ ಕೊಂಚ ಓಡಾಟ ಇದೆ."

ಅವಳು ಕೋಣೆಗೆ ಹೋಗಿ ಮಗಳ ಪಕ್ಕದಲ್ಲಿ ಕೂತಳು. ಹೇಗೆ ಶುರು ಮಾಡುವುದೆಂದು ತಿಳಿಯದೆ ಹಾಸಿಗೆಯ ಹೊದಿಕೆ ಸರಿಪಡಿಸಿದಳು. "ಪುಟ್ಟಾ, ನಿಮ್ಮಪ್ಪನ ಹತ್ರ ಈಗ ಆ ಮಷೀನು ಇಲ್ಲ. ಮಾರಿಬಿಟ್ಟಿದ್ದಾರೆ."

"ಗೊತ್ತು."

"ಗೊತ್ತಾ?"

"ಗೆಳತಿ ಮನೇಲಿ ಹಾಕಿ ನೋಡಿದ್ದೆ. ಹೆಸರಿನ ಪಕ್ಕ ಹಸಿರು ದೀಪ ಬರಬೇಕು. ಬರಲ್ಲ. ಬೂದು ಬಣ್ಣ. ತುಂಬಾ ದಿನದಿಂದ ಹಾಗೇ ಇದೆ."

"ಮತ್ತೆ ಯಾಕಮ್ಮ ಕಪ್ಪೇ ಬೇಕು ಅಂದೆ?"

"ಹೆಸರಾದ್ರೂ ಇರುತ್ತಲ್ಲ," ಎಂದಳು ಗುಬ್ಬಿ. ದಿಂಬನ್ನು ಮಡಿಲಿಗೆ ಎಳೆದುಕೊಂಡು ಕೇಳಿದಳು: "ಅವನ ಕಾರ್ಡಿನಲ್ಲಿ ಅವರಮ್ಮನ ಹೆಸರಿದೆಯಂತೆ, ಹೌದಾ? ನೀನು ನೋಡಿದ್ಯಾ?"

"ನೋಡ್ದೆ."

"ಅದರಲ್ಲಿ ಬೂದು ಇದೆಯಾ?"

"ಇಲ್ಲ. ಹಳದಿ ಅಕ್ಷರ," ಎಂದಳು ತಾಯಿ.  

ಕಪ್ಪು ಮಷೀನನ್ನು ಇಟ್ಟುಕೊಳ್ಳೋಣ, ಬಾಯ್ಲರಿಗೆ ಹೇಗಾದರೂ ಹೊಂದಿಸುತ್ತೇನೆ ಎಂದು ಲಿಫ್ಟ್ ರಿಪೇರಿಯವನು ಹೇಳಿದ. ಗುಬ್ಬಿಯೇ ಬೇಡವೆಂದಳು. ವಾಪಸ್ಸು ಕೊಡಲು ಅವನ ಸ್ಕೂಟರಿನ ಹಿಂದೆ ಪೆಟ್ಟಿಗೆ ಮಡಿಲಲ್ಲಿಟ್ಟುಕೊಂಡು ಕೂತಳು. ಸಿಗ್ನಲ್ಲಿನಲ್ಲಿ ನಿಂತಾಗ ಕೇಳಿದಳು: "ಅಂಕಲ್, ನಿಮಗೆ ನಿಜವಾಗಿ ಯಾವುದು ಇಷ್ಟ?"

"ಸುಳ್ಳು ಹೇಳ್ಲಾ, ನಿಜ ಹೇಳ್ಲಾ?"

"ನಿಜ."

"ನನಗೆ ಎರಡೂ ಒಂದೇ ಥರ ಕಾಣ್ತವೆ."

ಅವಳು ಹಿಂದೆ ನಕ್ಕಳೋ, ಸೀನಿದಳೋ ಅವನಿಗೆ ತಿಳಿಯಲಿಲ್ಲ. ಕನ್ನಡಿಯಲ್ಲಿ ನೋಡುವಷ್ಟರಲ್ಲಿ ಹಸಿರು ದೀಪ ಬಂತು.

ಭಾನುವಾರ ಅವಳ ಅಪ್ಪನ ಫೋನು ಬಂತು. ಪರೀಕ್ಷೆ ಯಾವಾಗ, ಎತ್ತರ ಆಗಿದ್ದೀಯಾ, ಅಮ್ಮ ಹೇಗಿದ್ದಾಳೆ. ಗುಬ್ಬಿ "ಹ್ಞೂಂ", "ಇಲ್ಲ", "ಗೊತ್ತಿಲ್ಲ" ಎಂದು ಉತ್ತರಿಸಿ ಫೋನಿಟ್ಟಳು. ಖುಷಿಯಾಯಿತಾ ಎಂದು ತಾಯಿ ಕೇಳಿದರೆ, ಆ ಪ್ರಶ್ನೆ ಬೇರೆ ಯಾರನ್ನೋ ಕೇಳಿದ್ದೆಂಬಂತೆ ಸುತ್ತ ನೋಡಿದಳು. ಆ ದಿನ ಊಟಕ್ಕೆ ಮಾತ್ರ ಎಲ್ಲರ ಜೊತೆ ಬಂದು ಕೂತಳು.

ಇಷ್ಟೆಲ್ಲ ಆಗಿ ಮನೆಯಲ್ಲಿ ಉಳಿದ ಕೆಂಪು ಮಷೀನನ್ನು ಯಾರೂ ಆಡುತ್ತಿರಲಿಲ್ಲ. ಮೊಂಡ ಶಾಲೆಯಿಂದ ಬಂದು ಅದನ್ನು ತೆರೆಯುತ್ತಿದ್ದ, ಸ್ವಲ್ಪ ಹೊತ್ತು ನೋಡುತ್ತಿದ್ದ, ಮುಚ್ಚಿಡುತ್ತಿದ್ದ.

"ನಮ್ಮನ್ನೆಲ್ಲ ಕುಣಿಸಿ ತರಿಸಿಕೊಂಡೆಯಲ್ಲೋ, ಈಗ ಆಡೋಕೇನು ರೋಗ?" ಎಂದು ಅಜ್ಜಿ ಗದರಿದಳು.

ಅಪ್ಪ ಮಷೀನು ಕೆಟ್ಟಿದೆಯೇನೋ ಎಂದು ಸ್ಕ್ರೂ ಡ್ರೈವರ್ ತಂದ. "ಮುಟ್ಟಬೇಡಿ!" ಎಂದು ಮೊಂಡ ಅದನ್ನು ಎದೆಗವಚಿಕೊಂಡ. 

ಯಾಕೆಂದು ಕೇಳಿದ್ದು ಗುಬ್ಬಿ. ಒಂದು ಮಧ್ಯಾಹ್ನ ದೊಡ್ಡವರು ಕೆಲಸದಲ್ಲಿದ್ದಾಗ, ಅಜ್ಜಿ ಕುರ್ಚಿಯಲ್ಲಿ ತೂಕಡಿಸುತ್ತಿದ್ದಾಗ, ಅವಳು ಅಜ್ಜಿಯನ್ನು ದಾಟಿ ಬಂದು ನೇರವಾಗಿ ಅವನ ಮುಂದೆ ನಿಂತಳು.

"ಯಾಕೆ ಬರೀ ನೋಡ್ತೀಯ?"

ಮೊಂಡ ಮೊದಲು ಅಜ್ಜಿಯ ಕಡೆ ನೋಡಿದ. ಅಜ್ಜಿ ಗೊರಕೆ ಹೊಡೆಯುತ್ತಿದ್ದಳು. "ಐದೇ ಜಾಗ ಇದೆ," ಎಂದ. "ಐದರಲ್ಲೂ ಅಮ್ಮ. ನಾನು ಆಡಿ ಜಾಸ್ತಿ ಅಂಕ ಬಂದ್ರೆ ಕೆಳಗಿನ ಸಾಲು ಹೋಗುತ್ತೆ."

"ಬೇರೆ ಆಟ ಆಡು."

"ಬೇರೆ ಕಾರ್ಡು ಇಲ್ಲ."

ಗುಬ್ಬಿ ಅವನ ಪಕ್ಕ ಕೂತು ಪಟ್ಟಿಯನ್ನು ಓದಿದಳು. "ನಿನ್ನ ಕೈಲಿ ಅಷ್ಟು ಅಂಕ ಬರುತ್ತಾ?"

"ಬರುತ್ತೆ! ಅಮ್ಮನೇ ಕಲಿಸಿದ್ದು."

"ಕಲಿಸಿ, ನೀನು ಗೆದ್ದರೆ ಏನಂತಿದ್ರು?"

ಮೊಂಡ ಯೋಚಿಸಿದ. "ತಲೆಗೆ ಮೊಟಕ್ತಿದ್ಲು. ಆಮೇಲೆ ಇನ್ನೊಂದು ಸಲ ಆಡೋಣ ಅಂತಿದ್ಲು."

"ಹೋಗೋದು ಒಂದೇ ಸಾಲು. ಮೇಲೆ ನಾಲ್ಕು ಇರ್ತವೆ." ಅವಳು ಮೊಣಕಾಲು ತಬ್ಬಿಕೊಂಡಳು. "ನನಗಾದ್ರೆ ಒಂದೇ ಹೆಸರಿತ್ತು, ನಮ್ಮಪ್ಪಂದು. ನಿನ್ನಿಷ್ಟ. ಆಡದಿದ್ರೂ ಬ್ಯಾಟರಿ ಖಾಲಿಯಾಗುತ್ತೆ."

ಅವನು ಐದು ಸಾಲನ್ನೂ ಮೇಲಿಂದ ಕೆಳಗೆ ಓದಿದ. ಆಮೇಲೆ ಗುಂಡಿ ಒತ್ತಿದ. ಆಟ ಎಂದರೆ ಕಲ್ಲು, ಹಳ್ಳ, ಬೀಳುವ ಸೇತುವೆ ದಾಟಿಕೊಂಡು ಓಡುವುದು. ಮೊದಲ ಹಳ್ಳಕ್ಕೇ ಬಿದ್ದ. ಮತ್ತೆ ಶುರು ಮಾಡಿದ. ಗುಬ್ಬಿ "ಎಡಕ್ಕೆ, ಎಡಕ್ಕೆ, ಅಯ್ಯೋ ನಿನ್ನ!" ಎಂದು ಪಕ್ಕದಿಂದ ಕೂಗತೊಡಗಿದಳು. ಆ ಕೂಗಿಗೆ ಅಜ್ಜಿ ಎಚ್ಚರಗೊಂಡು, ಏನು ನಡೆಯುತ್ತಿದೆಯೆಂದು ತಿಳಿಯದಿದ್ದರೂ ಕಣ್ಣು ಮುಚ್ಚಿಕೊಂಡೇ ಇದ್ದಳು. ಎಷ್ಟನೆಯ ಸಲವೋ, ಅವನು ಬಿದ್ದಾಗ ಪರದೆಯ ಮೇಲೆ ಹೆಸರು ಬರೆಯಲು ಖಾಲಿ ಜಾಗ ಮೂಡಿತು. ಮೊಂಡ ಗುಂಡಿಯಿಂದ ಬೆರಳು ತೆಗೆದ.

"ಬರಿ," ಎಂದಳು ಗುಬ್ಬಿ.

ಬರೆದ. ಮಿಂಚು ನಾಲ್ಕು ಸಾಲು, ಅದರ ಕೆಳಗೆ ಮೊಂಡ. ಹೋದ ಸಾಲು ಎಲ್ಲಿ ಹೋಯಿತೆಂದು ಹುಡುಕುವವನಂತೆ ಅವನು ಪರದೆಯ ಕೆಳಗಂಚನ್ನು ಬೆರಳಿನಿಂದ ಸವರಿದ. ಅಳುತ್ತಾನೇನೋ ಎಂದುಕೊಂಡಳು. ಅವನು ಮಷೀನನ್ನು ಅವಳ ಕಡೆ ಚಾಚಿದ.

"ಈಗ ನೀನು."

"ನಾನು ಬೇಡ. ನಾನು ಗೆದ್ದರೆ ಹೋಗೋದು ಕೆಳಗಿನ ಸಾಲು. ಈಗ ಕೆಳಗಿರೋದು ನೀನು."

"ಗೆಲ್ಲು ನೋಡೋಣ."

"ಆಮೇಲೆ ಅಳಬಾರದು."

"ಹೋಗೇ, ಮೊದಲು ಹಳ್ಳ ದಾಟು."

ಸಂಜೆ ಲಾಂಡ್ರಿಯವಳೂ ಗಂಡನೂ ಒಟ್ಟಿಗೆ ಮೆಟ್ಟಿಲು ಹತ್ತಿ ಬರುತ್ತಿದ್ದರು. ತಮ್ಮದೇ ಕಟ್ಟಡದ ಲಿಫ್ಟು ಕೆಟ್ಟಿತ್ತು. ಬಾಗಿಲಿನ ಹೊರಗೇ ಗಲಾಟೆ ಕೇಳಿಸಿತು.

"ನನ್ನ ಹೆಸರು ಅಳಿಸಿಬಿಟ್ಲು! ಅಜ್ಜೀ, ನೋಡು ಇವಳನ್ನ!"

"ಅಳಿಸಿಲ್ಲ, ಗೆದ್ದಿದ್ದು! ಕೊಡೋ ಇಲ್ಲಿ, ಇನ್ನೂ ನನ್ನ ಸರದಿ ಮುಗಿದಿಲ್ಲ!"

"ಕಪ್ಪು ಬೇಕು ಅಂತಿದ್ದೆಯಲ್ಲ, ಹೋಗಿ ಕಪ್ಪೇ ಆಡು!"

"ಮೊಂಡ ನನ್ಮಗನೇ!"

ಏನೋ ದಡಾರನೆ ಬಿತ್ತು. ಅಜ್ಜಿಯ ದನಿಯೇ ಇಲ್ಲ. ಲಾಂಡ್ರಿಯವಳು ಬೀಗದ ಕೈಗಾಗಿ ಚೀಲ ತಡಕಾಡಿದಳು. "ಹೊಡೆದಾಡ್ತಿದ್ದಾರೆ ರೀ!"

"ತಡಿ," ಎಂದು ಅವನು ಅವಳ ಕೈ ಹಿಡಿದ. ಕೆಟ್ಟ ಮೋಟಾರಿನ ಸದ್ದು ಕೇಳಿಸಿಕೊಳ್ಳುವವನಂತೆ ಬಾಗಿಲಿಗೆ ಕಿವಿಯಿಟ್ಟ. "ನಗ್ತಿದ್ದಾರೆ ಅನ್ಸುತ್ತೆ."

ಅವಳೂ ಕಿವಿಗೊಟ್ಟಳು. "ಇಲ್ಲ ರೀ, ಅಳ್ತಿರೋದು."

"ಯಾರು?"

"ಗೊತ್ತಾಗ್ತಿಲ್ಲ."

ಬಾಗಿಲು ತೆರೆಯಬೇಕೋ ಬೇಡವೋ ತಿಳಿಯದೆ ಇಬ್ಬರೂ ತರಕಾರಿ ಚೀಲ ಹಿಡಿದುಕೊಂಡು ಅಲ್ಲೇ ನಿಂತರು.